ದಕ್ಷಿಣ ಬೆಂಗಳೂರಿನ ವಾಯುವಿಹಾರ

ವಾಯುವಿಹಾರ ಎಂದರೆ ಮೈಗೆ ವ್ಯಾಯಾಮವಾಗಲೆಂದು, ಬಯಲು ಗಾಳಿಯಲ್ಲಿ, ಗೊತ್ತಾದ ಒಂದು ಹಾದಿಯಲ್ಲಿ ನಡೆಯುವುದು ಅಥವಾ ನಿಧಾನವಾಗಿ ಓಡುವುದು. ದಕ್ಷಿಣ ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆ ಮತ್ತು ಇವಕ್ಕೆ ಅಂಟಿಕೊಂಡ ಬಸವನಗುಡಿ, ಲಾಲ್‌ಬಾಗ್ ಪ್ರದೇಶದಲ್ಲಿ ಇದು ಬಹುಮಟ್ಟಿಗೆ ಉದ್ಯಾನದೊಳಗೆ ಅಥವಾ ಕೆರೆಯ ದಂಡೆಯ ಮೇಲೆ ಸುತ್ತು ಹಾಕುವ ರೂಪದಲ್ಲಿದೆ. ಹೊರಟಲ್ಲಿಗೇ ಬಂದು ಸೇರುವ ಹಾದಿ, ಸುತ್ತುಗಳ ಲೆಕ್ಕ, ತೆರೆಯುವ ಮುಚ್ಚುವ ಹೊತ್ತಿರುವ ಗೇಟು, ಈ ಮೂರೂ ಸೇರಿ ಇಲ್ಲಿನ ವಾಯುವಿಹಾರಕ್ಕೆ ಅದರದೇ ಆದ ಸ್ವರೂಪ ಕೊಟ್ಟಿವೆ.

ಪದ ಮತ್ತು ಅರ್ಥ

ಬರಹದ ಕನ್ನಡದಲ್ಲಿ ವಾಯುವಿಹಾರ, ವಾಯುಸೇವನೆ, ಗಾಳಿಸೇವನೆ ಎಂಬ ಪದಗಳಿವೆ. ಮಾತಿನಲ್ಲಿ ಉಳಿದಿರುವುದು ‘ವಾಕಿಂಗ್’. ಈ ಎರವಲು ಪದ ಕನ್ನಡಕ್ಕೆ ಬಂದ ಮೇಲೆ ತನ್ನ ಅರ್ಥವನ್ನು ಕಿರಿದು ಮಾಡಿಕೊಂಡಿದೆ. ‘ಅಂಗಡಿಗೆ ನಡೆದುಕೊಂಡು ಹೋದೆ’ ಎನ್ನುವವರೇ ‘ಬೆಳಿಗ್ಗೆ ವಾಕಿಂಗ್ ಹೋದೆ’ ಎನ್ನುತ್ತಾರೆ. ಎರಡನ್ನೂ ಯಾರೂ ಅದಲುಬದಲು ಮಾಡುವುದಿಲ್ಲ. ಒಂದು ಕಡೆಗೆ ತಲುಪಲು ನಡೆಯುವುದು ನಡಿಗೆ, ಎಲ್ಲಿಗೂ ತಲುಪಬೇಕಿಲ್ಲದೆ ನಡೆಯುವುದು ವಾಕಿಂಗ್. ಈ ಲೇಖನದಲ್ಲಿ ‘ವಾಯುವಿಹಾರ’ವನ್ನು ಎರಡನೆಯ ಅರ್ಥದಲ್ಲಿ ಮಾತ್ರ ಬಳಸಿದೆ. ಅದರೊಳಗೆ ನಡಿಗೆಯೂ ಜಾಗಿಂಗ್ ಕೂಡ ಸೇರುತ್ತವೆ.

ಹಾದಿಯನ್ನು ‘ಟ್ರ್ಯಾಕ್’ ಎಂದೂ, ಅದನ್ನು ಒಮ್ಮೆ ಪೂರ್ತಿ ಬಳಸಿ ಬರುವುದನ್ನು ‘ರೌಂಡು’ ಅಥವಾ ‘ಸುತ್ತು’ ಎಂದೂ ಕರೆಯುತ್ತಾರೆ. ಸುತ್ತು ಇಲ್ಲಿನ ನಿಜವಾದ ಅಳತೆ. ಎಷ್ಟು ಕಿಲೋಮೀಟರ್ ಎಂದು ಕೇಳಿದರೆ ಲೆಕ್ಕ ಹಾಕಬೇಕಾಗುತ್ತದೆ, ಎಷ್ಟು ರೌಂಡು ಎಂದು ಕೇಳಿದರೆ ಉತ್ತರ ತಕ್ಷಣ ಬರುತ್ತದೆ.

ಸ್ಥಳನಾಮದ ಒಂದು ಗೊಂದಲವನ್ನು ಇಲ್ಲೇ ತಿಳಿಸಬೇಕು. ‘ಜೆ.ಪಿ. ಪಾರ್ಕ್’ ಎಂದು ಹೆಸರಾದ ದೊಡ್ಡ ಉದ್ಯಾನವಿರುವುದು ಉತ್ತರದ ಮತ್ತಿಕೆರೆಯಲ್ಲಿ, ಜೆ.ಪಿ. ನಗರದಲ್ಲಿ ಅಲ್ಲ. ಉದ್ಯಾನಕ್ಕೂ ಬಡಾವಣೆಗೂ ಹೆಸರು ಬಂದಿರುವುದು ಜಯಪ್ರಕಾಶ ನಾರಾಯಣರಿಂದಲೇ.

ಹಿನ್ನೆಲೆ

ನಡೆಯುವುದನ್ನು ಔಷಧವೆಂದು ಎಣಿಸುವುದು ಈ ನಾಡಿಗೆ ಹೊಸದಲ್ಲ. ಆಯುರ್ವೇದ ಗ್ರಂಥಗಳು ಅದನ್ನು ‘ಚಂಕ್ರಮಣ’ ಎನ್ನುತ್ತವೆ. ಮೈ ದಣಿಯದ ಹಾಗೆ ಅತ್ತಿಂದಿತ್ತ ಓಡಾಡುವುದು ಎಂಬುದು ಅದರ ತಿರುಳು. ಸುಶ್ರುತ ಸಂಹಿತೆಯು ಇಂದಿನ ಮಧುಮೇಹವೂ ಸೇರುವ ಪ್ರಮೇಹ ರೋಗಕ್ಕೆ ದೂರದ ನಡಿಗೆಯನ್ನು ಚಿಕಿತ್ಸೆಯಾಗಿ ಹೇಳಿದೆ. ಊಟವಾದ ಮೇಲೆ ನೂರು ಹೆಜ್ಜೆ ಹಾಕಬೇಕೆಂಬ ಮನೆಮಾತು ಇಂದಿಗೂ ಉಳಿದಿದೆ.

ಆಧುನಿಕ ರೂಪದ ವಾಯುವಿಹಾರಕ್ಕೆ ಬೇಕಾದ ಜಾಗ ಸಿದ್ಧವಾದದ್ದು ಎರಡು ಹಂತಗಳಲ್ಲಿ. ಮೊದಲನೆಯದು ಲಾಲ್‌ಬಾಗ್. 1760ರಲ್ಲಿ ಹೈದರಾಲಿ ಆರಂಭಿಸಿ ಟಿಪ್ಪು ಸುಲ್ತಾನ್ ಬೆಳೆಸಿದ ಈ ತೋಟ ಮುಂದೆ ಸರ್ಕಾರಿ ಸಸ್ಯೋದ್ಯಾನವಾಯಿತು. ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿತ್ತು. ತೋಟದ ಹೊಣೆ ಹೊತ್ತಿದ್ದ ಜಿ.ಎಚ್. ಕೃಂಬಿಗಲ್ ಮತ್ತು ಎಂ.ಎಚ್. ಮರಿಗೌಡ ಅವರ ಕಾಲದಲ್ಲಿ ಮರ, ದಾರಿ, ಹುಲ್ಲುಹಾಸುಗಳು ಬೆಳೆದು ಇಂದಿನ ಸುಮಾರು 240 ಎಕರೆಯ ಸ್ವರೂಪಕ್ಕೆ ಬಂದವು. ಗಿಡ ಬೆಳೆಸಲೆಂದು ಹಾಕಿದ ದಾರಿಗಳೇ ತಾವಾಗಿ ವಾಯುವಿಹಾರದ ದಾರಿಗಳಾದವು.

ಎರಡನೆಯದು ಬಡಾವಣೆಗಳ ಬೆಳವಣಿಗೆ. 1898ರ ಪ್ಲೇಗಿನ ಬಳಿಕ ಊರಿನ ಇಕ್ಕಟ್ಟಿನಿಂದ ಜನರನ್ನು ಹೊರತರಲು ಬಸವನಗುಡಿ ಬಡಾವಣೆ ರೂಪುಗೊಂಡಿತು. ಅಗಲ ರಸ್ತೆ, ಗಾಳಿಯಾಡುವ ನಿವೇಶನ, ನಡುವೆ ಹಸಿರು ಜಾಗ, ಇವು ಅಲ್ಲಿ ಆರೋಗ್ಯದ ಕ್ರಮವಾಗಿಯೇ ಬಂದವು. 1945ರಲ್ಲಿ ಸ್ಥಾಪನೆಯಾದ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಇದೇ ದಾರಿಯಲ್ಲಿ ದಕ್ಷಿಣಕ್ಕೆ ಮುಂದುವರಿಯಿತು. 1948ರ ಆಗಸ್ಟ್‌ನಲ್ಲಿ ಅಂದಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಜಯನಗರಕ್ಕೆ ಅಡಿಗಲ್ಲು ಹಾಕಿದರು. ಅಶೋಕ ಸ್ತಂಭ ಆ ಸಂದರ್ಭದ ಗುರುತು. ಬ್ಲಾಕು, ಮೇನು, ಕ್ರಾಸುಗಳ ನಡುವೆ ಪಾರ್ಕಿಗೆಂದು ಬಿಟ್ಟ ಜಾಗ ಜಯನಗರದ ನಕ್ಷೆಯ ಭಾಗವಾಗಿತ್ತು. ಬನಶಂಕರಿ ಮತ್ತು ಜೆ.ಪಿ. ನಗರದ ಹಂತಗಳು ನಂತರ ಬಂದವು. ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಮೊದಲಕ್ಷರದಿಂದ ಹೆಸರು ಪಡೆದ ಬಿ.ಟಿ.ಎಂ. ಬಡಾವಣೆಯೂ ಹಾಗೆಯೇ. ಈ ಹೊಸ ಬಡಾವಣೆಗಳಲ್ಲಿ ಪಾರ್ಕುಗಳ ಜೊತೆಗೆ ಹಳೆಯ ಹಳ್ಳಿಗಳ ಕೆರೆಗಳೂ ಇದ್ದವು. ಗದ್ದೆಗೆ ನೀರುಣಿಸುತ್ತಿದ್ದ ಕೆರೆ, ಗದ್ದೆ ಹೋದ ಮೇಲೆ ಬಡಾವಣೆಯ ವಾಯುವಿಹಾರದ ತಾಣವಾಯಿತು.

ಹೊರಜಗತ್ತಿನ ಕೆಲವು ಘಟನೆಗಳೂ ಈ ಅಭ್ಯಾಸಕ್ಕೆ ಬಲ ಕೊಟ್ಟವು. ಲಂಡನ್ನಿನ ಬಸ್ಸುಗಳಲ್ಲಿ ಕುಳಿತೇ ಇರುವ ಚಾಲಕರಿಗಿಂತ ಮೆಟ್ಟಿಲು ಹತ್ತಿಳಿಯುವ ನಿರ್ವಾಹಕರಿಗೆ ಹೃದ್ರೋಗ ಕಡಿಮೆ ಎಂದು ಜೆರ್ರಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲಿ ತೋರಿಸಿದರು. ನಿಧಾನದ ಓಟವನ್ನು ಸಾಮಾನ್ಯರ ವ್ಯಾಯಾಮವನ್ನಾಗಿ ಮಾಡಿದವರು ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್. ಅವರಿಂದ ಕಲಿತ ಅಮೆರಿಕದ ತರಬೇತುದಾರ ಬಿಲ್ ಬವರ್‌ಮನ್ 1967ರಲ್ಲಿ ಜಾಗಿಂಗ್ ಕುರಿತ ಪುಸ್ತಕ ಹೊರತಂದರು. ದಿನಕ್ಕೆ 10,000 ಹೆಜ್ಜೆ ಎಂಬ ಗುರಿ ಹುಟ್ಟಿದ್ದು ವೈದ್ಯರ ಲೆಕ್ಕದಿಂದಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಒಂದು ಉಪಕರಣದ ಹೆಸರಿನಿಂದ ಅದು ಹಬ್ಬಿತು. ಅದಕ್ಕಿಂತ ಕಡಿಮೆ ನಡೆದವರು ಸೋತೆವೆಂದು ಕೊರಗಬೇಕಾದ ಕಾರಣವಿಲ್ಲ.

ಹಾದಿಯ ರಚನೆ

ಪಾರ್ಕಿನ ಟ್ರ್ಯಾಕು ಸಾಮಾನ್ಯವಾಗಿ ಬೇಲಿಯ ಒಳಮಗ್ಗುಲಲ್ಲಿ ಸಾಗುತ್ತದೆ. ಹಳೆಯ ಹಾದಿಗಳಿಗೆ ಕಲ್ಲುಚಪ್ಪಡಿ ಅಥವಾ ಬರೀ ಮಣ್ಣು. ಈಚಿನವುಗಳಿಗೆ ಒಂದಕ್ಕೊಂದು ಸಿಕ್ಕಿಸುವ ಸಿಮೆಂಟ್ ಇಟ್ಟಿಗೆ. ಕೀಲುಗಳಿಗೆ ಹಿತವಾದುದು ಒತ್ತಿ ಗಟ್ಟಿ ಮಾಡಿದ ಮಣ್ಣು. ಆದರೆ ಮಳೆಗಾಲದಲ್ಲಿ ಅದು ಕೆಸರಾಗುತ್ತದೆ, ಕೆಮ್ಮಣ್ಣಿನ ಕೊರಕಲು ಬೀಳುತ್ತದೆ. ಸಿಮೆಂಟ್ ಇಟ್ಟಿಗೆ ಮಳೆಗೆ ಜಗ್ಗುವುದಿಲ್ಲ, ಆದರೆ ಕೆಳಗಿನ ಬೇರು ಉಬ್ಬಿದಲ್ಲಿ ಒಂದೆರಡು ಇಟ್ಟಿಗೆ ಮೇಲೆದ್ದು ನಿಲ್ಲುತ್ತದೆ. ದಿನಾ ಬರುವವರಿಗೆ ಆ ಜಾಗ ಕಾಲಿಗೇ ಗೊತ್ತು. ಎಡವುವವರು ಹೊಸಬರು ಮತ್ತು ಮಾತಿನಲ್ಲಿ ಮೈಮರೆತವರು.

ಸುತ್ತಿನ ಉದ್ದವನ್ನು ಕೆಲವು ಪಾರ್ಕುಗಳಲ್ಲಿ ಫಲಕದ ಮೇಲೆ ಬರೆದಿರುತ್ತಾರೆ. ಚಿಕ್ಕ ಪಾರ್ಕಿನಲ್ಲಿ ಒಂದು ಸುತ್ತು 200 ಮೀಟರ್ ಇದ್ದರೆ 10 ಸುತ್ತಿಗೆ 2 ಕಿಲೋಮೀಟರ್. ಎಣಿಕೆ ತಪ್ಪದಿರಲು ಹೆಬ್ಬೆರಳನ್ನು ಬೆರಳ ಗೆಣ್ಣಿನಿಂದ ಗೆಣ್ಣಿಗೆ ಸರಿಸುತ್ತಾ ಹೋಗುವುದು ಜಪದಿಂದ ಬಂದ ರೂಢಿ. ಈ ಲೆಕ್ಕದಲ್ಲಿ ಸಾಮಾನ್ಯವಾಗಿ ಗಮನಕ್ಕೆ ಬಾರದ ಒಂದು ಅಂಶವಿದೆ. ತಿರುವುಗಳು ದುಂಡಗಿರುವ ಯಾವುದೇ ಹಾದಿಯಲ್ಲಿ, ಸುತ್ತು ದೊಡ್ಡದಿರಲಿ ಚಿಕ್ಕದಿರಲಿ, ಒಳ ಅಂಚಿನಿಂದ ಒಂದು ಮೀಟರ್ ಹೊರಗೆ ನಡೆಯುವವರು ಪ್ರತಿ ಸುತ್ತಿಗೆ ಸುಮಾರು 6.3 ಮೀಟರ್ ಹೆಚ್ಚು ನಡೆಯುತ್ತಾರೆ. ಗಂಡಹೆಂಡತಿ ಜೊತೆಯಾಗಿ 20 ಸುತ್ತು ಹಾಕಿದರೆ ಹೊರಮಗ್ಗುಲಲ್ಲಿದ್ದವರದು 125 ಮೀಟರಿನಷ್ಟು ಹೆಚ್ಚುವರಿ ನಡಿಗೆ. ಕ್ರೀಡಾಂಗಣದ 400 ಮೀಟರ್ ಓಟದಲ್ಲಿ ಹೊರಗಿನ ಸಾಲಿನವರನ್ನು ಮುಂದೆ ನಿಲ್ಲಿಸುವುದು ಇದೇ ಕಾರಣಕ್ಕೆ.

ಯಾವ ದಿಕ್ಕಿಗೆ ಸುತ್ತಬೇಕು ಎಂಬುದರಲ್ಲಿ ಎರಡು ಸಂಪ್ರದಾಯಗಳು ಎದುರುಬದುರಾಗುತ್ತವೆ. ಗುಡಿಯಲ್ಲಿ ಪ್ರದಕ್ಷಿಣೆ, ಅಂದರೆ ನಡುವಿನ ದೇವರು ಬಲಗೈಗೆ. ಕ್ರೀಡಾಂಗಣದಲ್ಲಿ ಒಳ ಅಂಚು ಎಡಗೈಗೆ, ಅಂದರೆ ಅಪ್ರದಕ್ಷಿಣೆ. ಫಲಕವಿಲ್ಲದ ಪಾರ್ಕುಗಳಲ್ಲಿ ಎರಡು ಬಗೆಯವರೂ ಇರುತ್ತಾರೆ. ಹಾಗಾಗಿ ಒಬ್ಬರನ್ನೊಬ್ಬರು ಪ್ರತಿ ಸುತ್ತಿಗೆ ಎರಡು ಸಲ ಎದುರುಗೊಳ್ಳುತ್ತಾರೆ. ಹಾದಿ ಕಿರಿದಾದಲ್ಲಿ ಒಂದೇ ದಿಕ್ಕಿನ ನಿಯಮ ಅಗತ್ಯ, ಅದರಲ್ಲೂ ಓಡುವವರೂ ನಡೆಯುವವರೂ ಒಟ್ಟಿಗಿರುವಾಗ.

ಪಾರ್ಕಿನ ಟ್ರ್ಯಾಕಿನ ಹತ್ತಿರದ ನಂಟು ಇರುವುದು ಕಡಲಿನಲ್ಲಿ. ದೊಡ್ಡ ಪ್ರವಾಸಿ ಹಡಗುಗಳ ಡೆಕ್ಕಿನ ಮೇಲೂ ನಡೆಯಲು ಹೀಗೇ ಮುಚ್ಚಿದ ಸುತ್ತುಹಾದಿ ಇರುತ್ತದೆ. ಎಷ್ಟು ಸುತ್ತಿಗೆ ಒಂದು ಮೈಲಿ ಎಂದು ಗೋಡೆಯ ಮೇಲೆ ಬರೆದಿರುತ್ತಾರೆ. 2004ರಲ್ಲಿ ಯಾನ ಆರಂಭಿಸಿದ ‘ಕ್ವೀನ್ ಮೇರಿ 2’ ಹಡಗಿನ ಡೆಕ್ಕಿನಲ್ಲಿ 3 ಸುತ್ತು ಹಾಕಿದರೆ ಸುಮಾರು 1.1 ಮೈಲಿ. ಅಲ್ಲಿ ಸುತ್ತಿನ ಒಂದು ಮಗ್ಗುಲು ಹಡಗಿನ ಓಟದ ಎದುರುಗಾಳಿಗೆ, ಇನ್ನೊಂದು ಮಗ್ಗುಲು ಗಾಳಿಗೆ ಬೆನ್ನು. ಕೆಳಗಿನ ಕ್ಯಾಬಿನ್ನಿನಲ್ಲಿ ಮಲಗಿದವರಿಗಾಗಿ ಬೆಳಗಿನ ಜಾವದ ಓಟಕ್ಕೆ ಹಲವು ಹಡಗುಗಳಲ್ಲಿ ತಡೆಯಿದೆ. ಜಾಗ ಕಡಿಮೆ, ಅಂಚು ಗೊತ್ತು, ಹೊತ್ತು ಗೊತ್ತು. ವಾಹನಗಳ ನಡುವೆ ದ್ವೀಪದಂತೆ ಉಳಿದ ಜಯನಗರದ ಪಾರ್ಕಿಗೂ ಈ ಮೂರು ಮಾತು ಹಾಗೇ ಸಲ್ಲುತ್ತವೆ.

ವಿಧಗಳು

ನಡಿಗೆಗೂ ಓಟಕ್ಕೂ ಇರುವ ವ್ಯತ್ಯಾಸ ವೇಗದ್ದಲ್ಲ. ನಡಿಗೆಯಲ್ಲಿ ಯಾವ ಗಳಿಗೆಯಲ್ಲೂ ಒಂದು ಪಾದವಾದರೂ ನೆಲದ ಮೇಲಿರುತ್ತದೆ. ಓಟದಲ್ಲಿ ಎರಡೂ ಪಾದಗಳು ನೆಲ ಬಿಟ್ಟಿರುವ ಒಂದು ಕ್ಷಣ ಪ್ರತಿ ಹೆಜ್ಜೆಗೂ ಬರುತ್ತದೆ. ಹಾರಿ ಇಳಿಯುವ ಆ ಕ್ಷಣದಿಂದಾಗಿ ನೆಲ ಕಾಲಿಗೆ ಕೊಡುವ ಹೊಡೆತ ಮೈತೂಕದ 2ರಿಂದ 3 ಪಟ್ಟಿಗೆ ಏರುತ್ತದೆ. ನಡಿಗೆಯಲ್ಲಿ ಅದು ಮೈತೂಕಕ್ಕಿಂತ ಸ್ವಲ್ಪವೇ ಹೆಚ್ಚು. ಮಂಡಿನೋವಿನವರಿಗೆ ವೈದ್ಯರು ಓಡಬೇಡಿ, ನಡೆಯಿರಿ ಎನ್ನುವುದರ ಹಿಂದೆ ಇರುವುದು ಇದೇ.

ಬಿರುಸು ನಡಿಗೆ ಎಂದರೆ ನಿಮಿಷಕ್ಕೆ 100 ಹೆಜ್ಜೆ ಅಥವಾ ಹೆಚ್ಚು, ಗಂಟೆಗೆ ಸುಮಾರು 5 ಕಿಲೋಮೀಟರ್. ಮಾತಾಡಲು ಆಗಬೇಕು, ಹಾಡಲು ಆಗಬಾರದು ಎಂಬುದು ಅದರ ಸುಲಭ ಪರೀಕ್ಷೆ. ಜಾಗಿಂಗ್ ಗಂಟೆಗೆ 7ರಿಂದ 9 ಕಿಲೋಮೀಟರಿನ ನಿಧಾನ ಓಟ. ಇವೆರಡರ ನಡುವೆ ಒಂದಿಷ್ಟು ಓಡಿ ಒಂದಿಷ್ಟು ನಡೆಯುವವರೇ ಹೆಚ್ಚು. ಎರಡು ಗುರುತುಗಳ ಸುತ್ತ 8ರ ಅಂಕಿಯ ಆಕಾರದಲ್ಲಿ ತಿರುಗುವ ‘ಎಂಟರ ನಡಿಗೆ’, ಹುಲ್ಲಿನ ಮೇಲೆ ಬರಿಗಾಲಿನ ನಡಿಗೆ, ಉರುಟು ಕಲ್ಲು ನೆಟ್ಟ ಪಟ್ಟಿಯ ಮೇಲೆ ಪಾದ ಒತ್ತುತ್ತಾ ಸಾಗುವುದು, ಹಿಮ್ಮುಖ ನಡಿಗೆ ಇವೂ ಪಾರ್ಕುಗಳಲ್ಲಿ ಕಾಣುತ್ತವೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂಕಾದವರು ಬರಿಗಾಲಿನ ಬಗೆಗಳನ್ನು ಬಿಡುವುದು ಕ್ಷೇಮ.

ತಾಣಗಳು

ಲಾಲ್‌ಬಾಗ್ ಇಡೀ ಪ್ರದೇಶದ ಮುಖ್ಯ ತಾಣ. ತೋಟಗಾರಿಕೆ ಇಲಾಖೆಯ ಆಡಳಿತದಲ್ಲಿರುವ ಇದಕ್ಕೆ ನಾಲ್ಕು ದಿಕ್ಕಿಗೂ ಬಾಗಿಲುಗಳಿವೆ. ಜಯನಗರದವರು ದಕ್ಷಿಣದ ಕಡೆಯಿಂದ, ಬಸವನಗುಡಿಯವರು ಪಶ್ಚಿಮದಿಂದ ಬರುತ್ತಾರೆ. ಬೆಳಗಿನ ವಾಯುವಿಹಾರದ ಹೊತ್ತಿನಲ್ಲಿ ಪ್ರವೇಶ ಶುಲ್ಕವಿಲ್ಲ. ಸಮತಟ್ಟಾದ ಡಾಂಬರು ದಾರಿ, ಕೆರೆಯ ದಂಡೆ, ಏರುಬಂಡೆ ಈ ಮೂರೂ ಒಂದೇ ಆವರಣದಲ್ಲಿ ಸಿಗುವುದು ಇಲ್ಲಿನ ವಿಶೇಷ. ಕೆಂಪೇಗೌಡ ಗೋಪುರವನ್ನು ಹೊತ್ತ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಮುಂಜಾನೆ ಅದರ ಇಳಿಜಾರಿನಲ್ಲಿ ಹತ್ತುವವರು ಮುಂಗಾಲಿನ ಮೇಲೆ ಬಾಗಿ, ಇಳಿಯುವವರು ಹಿಮ್ಮಡಿ ಊರಿ ಹೆಜ್ಜೆ ಹಾಕುತ್ತಾರೆ. ನೆತ್ತಿಯಲ್ಲಿ ಒಂದಷ್ಟು ಜನ ಪೂರ್ವಕ್ಕೆ ಮುಖಮಾಡಿ ಸೂರ್ಯನಮಸ್ಕಾರಕ್ಕೆ ನಿಂತಿರುತ್ತಾರೆ. ಗೇಟಿನ ಹೊರಗೆ ಬೂದುಗುಂಬಳದ ರಸ, ಹಾಗಲಕಾಯಿ ರಸ, ಮೊಳಕೆ ಕಾಳು, ಎಳನೀರಿನ ವ್ಯಾಪಾರ. ಲಾಲ್‌ಬಾಗ್ ರಸ್ತೆಯಲ್ಲಿರುವ, 1924ರಲ್ಲಿ ಆರಂಭವಾದ ಮಾವಳ್ಳಿ ಟಿಫಿನ್ ರೂಮ್ಸ್ ಹಲವರಿಗೆ ವಾಯುವಿಹಾರದ ಕೊನೆಯ ಸುತ್ತು. ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಗಾಜಿನ ಮನೆಯ ಸುತ್ತ ಜನಸಂದಣಿ ಹೆಚ್ಚಿ, ದಿನನಿತ್ಯದವರು ಹಾದಿ ಬದಲಿಸಬೇಕಾಗುತ್ತದೆ.

ಬಸವನಗುಡಿಯ ಎಂ.ಎನ್. ಕೃಷ್ಣರಾವ್ ಪಾರ್ಕ್, ಜಯನಗರದ ಮಾಧವನ್ ಪಾರ್ಕ್, ಆರ್.ವಿ. ರಸ್ತೆಯ ಉದ್ದಕ್ಕೂ ಚಾಚಿದ ಲಕ್ಷ್ಮಣರಾವ್ ಉದ್ಯಾನ, ಜೆ.ಪಿ. ನಗರದ ಮಿನಿ ಫಾರೆಸ್ಟ್ ಮೊದಲಾದವು ನೆರೆಹೊರೆಯ ತಾಣಗಳು. ಓಟದ ಅಭ್ಯಾಸಕ್ಕೆ ಜಯನಗರದ ಕಿತ್ತೂರು ರಾಣಿ ಚೆನ್ನಮ್ಮ ಕ್ರೀಡಾಂಗಣ ಮತ್ತು ಶಾಲಿನಿ ಮೈದಾನ ಇವೆ.

ಕೆರೆಗಳಲ್ಲಿ ಯಡಿಯೂರು ಕೆರೆ, ಸಾರಕ್ಕಿ ಕೆರೆ, ಪುಟ್ಟೇನಹಳ್ಳಿ ಕೆರೆ ಮತ್ತು ಬಿ.ಟಿ.ಎಂ. ಪಕ್ಕದ ಮಡಿವಾಳ ಕೆರೆ ಮುಖ್ಯ. ಸುಮಾರು 82 ಎಕರೆಯ ಸಾರಕ್ಕಿ ಕೆರೆಯ ಒತ್ತುವರಿಯನ್ನು 2015ರ ಏಪ್ರಿಲ್‌ನಲ್ಲಿ ಜಿಲ್ಲಾಡಳಿತ ತೆರವು ಮಾಡಿತು. ಜೆ.ಪಿ. ನಗರ 7ನೇ ಹಂತದ ಪುಟ್ಟೇನಹಳ್ಳಿ ಕೆರೆ ಚಿಕ್ಕದು, ಆದರೆ ಅದರ ಚರಿತ್ರೆ ದೊಡ್ಡದು. ಬತ್ತಿ ಕಸದ ಗುಂಡಿಯಾಗುತ್ತಿದ್ದ ಕೆರೆಗಾಗಿ ಲೇಖಕಿ ಉಷಾ ರಾಜಗೋಪಾಲನ್ ಮತ್ತು ನೆರೆಯವರು 2010ರಲ್ಲಿ ಒಂದು ಟ್ರಸ್ಟ್ ಕಟ್ಟಿದರು. 2011ರಲ್ಲಿ ಪಾಲಿಕೆಯೊಂದಿಗೆ ಒಪ್ಪಂದ ಮಾಡಿಕೊಂಡು ಕೆರೆಯ ನಿರ್ವಹಣೆ ವಹಿಸಿಕೊಂಡರು. ದಿನಾ ಸುತ್ತು ಹಾಕುವವರ ಕಣ್ಣೇ ಕೆರೆಯ ಕಾವಲು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಈ ಭಾಗದಲ್ಲಿಲ್ಲ.

ಬನಶಂಕರಿ 6ನೇ ಹಂತಕ್ಕೆ ಹತ್ತಿರದ ತುರಹಳ್ಳಿ ಅರಣ್ಯ ಬೇರೆಯದೇ ಬಗೆ. ಕುರುಚಲು ಕಾಡು, ಬಂಡೆ, ಕಾಲುದಾರಿ. ಅಲ್ಲಿ ಸುತ್ತು ಇಲ್ಲ, ಫಲಕವಿಲ್ಲ. 2021ರ ಆರಂಭದಲ್ಲಿ ಇದನ್ನು ವೃಕ್ಷೋದ್ಯಾನವಾಗಿ ಮಾರ್ಪಡಿಸುವ ಯೋಜನೆಗೆ ನೆರೆಹೊರೆಯವರು, ಓಟಗಾರರು, ಸೈಕಲ್ ಸವಾರರು ಒಟ್ಟಾಗಿ ವಿರೋಧ ತೋರಿದರು, ಯೋಜನೆ ನಿಂತಿತು. ಕಾಡಿಗೆ ಟ್ರ್ಯಾಕ್ ಬೇಡ ಎಂದು ನಡೆಯುವವರೇ ಹೇಳಿದ ಸಂದರ್ಭ ಅದು.

ಹವೆ ಮತ್ತು ಹೊತ್ತು

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಆ ಕಾರಣ ಏಪ್ರಿಲ್ ಬಿಟ್ಟರೆ ಬೆಳಗಿನ ಹೊತ್ತು ವರ್ಷವಿಡೀ ಹಿತ. ಸೂರ್ಯೋದಯ ಜೂನ್ ಮೊದಲಲ್ಲಿ 5.50ರ ಸುಮಾರಿಗೆ, ಜನವರಿ ಕೊನೆಗೆ 6.45ರ ಸುಮಾರಿಗೆ. ಗೇಟು ತೆರೆಯುವ ಹೊತ್ತು ಬದಲಾಗದ ಕಾರಣ ಚಳಿಗಾಲದ ಮೊದಲ ಸುತ್ತುಗಳು ಕತ್ತಲಲ್ಲಿ ನಡೆಯುತ್ತವೆ. ಮಂಕಿಕ್ಯಾಪು, ಸ್ವೆಟರು, ಸೀರೆಯ ಕೆಳಗೆ ಸ್ಪೋರ್ಟ್ಸ್ ಶೂ ಆ ತಿಂಗಳುಗಳ ಉಡುಪು.

ಋತು ತಿಳಿಯಲು ವಾಯುವಿಹಾರಿಗಳಿಗೆ ಪಂಚಾಂಗ ಬೇಡ. ಜನವರಿಯಿಂದ ಮಾರ್ಚ್‌ವರೆಗೆ ಟಬೂಬಿಯದ ನಸುಗೆಂಪು ಹೂ ಹಾದಿಗೆ ಹಾಸುತ್ತದೆ. ಯುಗಾದಿಯ ಹೊತ್ತಿಗೆ ಹೊಂಗೆ ಹೊಸ ಎಲೆ ತಳೆದು, ಮುಂದಿನ ವಾರಗಳಲ್ಲಿ ಅದರ ಸಣ್ಣ ಹೂ ನೆಲದ ಮೇಲೆ ಅರಳಿನಂತೆ ಚೆಲ್ಲಿರುತ್ತದೆ. ಏಪ್ರಿಲ್–ಮೇ ಗುಲ್‌ಮೊಹರ್ ಕಾಲ. ಮಳೆ ಹಿಂದಾದ ಮೇಲೆ ಆಕಾಶಮಲ್ಲಿಗೆ. ಸೆಪ್ಟೆಂಬರ್–ಅಕ್ಟೋಬರ್ ಊರಿನ ಅತಿ ಹೆಚ್ಚು ಮಳೆಯ ಕಾಲ. ಆಗ ಪಾಚಿ ಕಟ್ಟಿದ ಚಪ್ಪಡಿ, ಗಾಳಿಗೆ ಮುರಿದುಬಿದ್ದ ಕೊಂಬೆ ಎರಡರ ಬಗ್ಗೆಯೂ ಎಚ್ಚರ ಬೇಕು.

ಪ್ರಯೋಜನ

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಶ್ರಮ ಅಥವಾ 75ರಿಂದ 150 ನಿಮಿಷದ ತೀವ್ರ ಶ್ರಮ ಹೇಳುತ್ತದೆ. ಬಿರುಸು ನಡಿಗೆ ಮೊದಲನೆಯದು, ಜಾಗಿಂಗ್ ಎರಡನೆಯದು. ವಾರದಲ್ಲಿ 5 ದಿನ ಅರ್ಧ ಗಂಟೆ ನಡೆದರೆ ಮೊದಲ ಗುರಿ ಮುಟ್ಟುತ್ತದೆ. ದುಡಿಯುವ ಸ್ನಾಯು ರಕ್ತದಲ್ಲಿನ ಸಕ್ಕರೆಯನ್ನು ಇನ್ಸುಲಿನ್ನಿನ ಹೆಚ್ಚಿನ ನೆರವಿಲ್ಲದೆಯೇ ಒಳಗೆಳೆದುಕೊಳ್ಳುತ್ತದೆ. ಊಟದ ನಂತರದ ಹತ್ತು ಹದಿನೈದು ನಿಮಿಷದ ನಡಿಗೆಗೂ ಅದಕ್ಕೇ ಬೆಲೆ. ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ ಹೇಳಿರುವಾಗ, ಮನೆ ಹತ್ತಿರದ ಪಾರ್ಕಿನ ಟ್ರ್ಯಾಕು ಸಾರ್ವಜನಿಕ ಆರೋಗ್ಯದ ಸೌಕರ್ಯವೇ ಹೌದು.

ಜೊತೆ ಸಿಗುವುದು ಇನ್ನೊಂದು ಪ್ರಯೋಜನ. ನಿವೃತ್ತರ ಬೆಂಚು, ನಗೆಕೂಟ, ಯೋಗದ ಗುಂಪು, ಭಜನೆಯ ಗುಂಪು ಇವೆಲ್ಲ ಟ್ರ್ಯಾಕಿನ ಪಕ್ಕದಲ್ಲೇ ಬೆಳೆದವು. ಒಬ್ಬರು ನಾಲ್ಕು ದಿನ ಕಾಣದಿದ್ದರೆ ಮನೆಗೆ ಫೋನು ಹೋಗುತ್ತದೆ. ಲಾಲ್‌ಬಾಗಿನಲ್ಲಿ ವಾಯುವಿಹಾರಿಗಳ ಸಂಘವೇ ಇದೆ. ಓಡುವವರದು ಬೇರೆ ಬಳಗ: ‘ಜಯನಗರ ಜಾಗ್ವಾರ್ಸ್’ನಂಥ ಕೂಟಗಳು ಹೊಸಬರಿಗೆ ತರಬೇತಿ ಕೊಡುತ್ತವೆ. 2008ರಿಂದ ಬೆಂಗಳೂರಿನಲ್ಲಿ ನಡೆಯುತ್ತಿರುವ ‘ವರ್ಲ್ಡ್ 10ಕೆ’ ಓಟ ಹಲವರಿಗೆ ವರ್ಷದ ಗುರಿ.

ಆಡಳಿತ ಮತ್ತು ಸದ್ಯದ ಸ್ಥಿತಿ

ಲಾಲ್‌ಬಾಗ್ ಮತ್ತು ಕಬ್ಬನ್ ಪಾರ್ಕ್ 1975ರ ಕರ್ನಾಟಕ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿವೆ. ಬಡಾವಣೆಯ ಪಾರ್ಕು, ಮೈದಾನಗಳಿಗೆ 1985ರ ಇನ್ನೊಂದು ಕಾಯಿದೆ ಇದೆ. ಪಾರ್ಕುಗಳ ಹೊಣೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯದಾಗಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಅದರ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ನಗರ ಪಾಲಿಕೆಗಳು ಬಂದವು. ಬೆಳಿಗ್ಗೆ ಕೆಲವು ಗಂಟೆ, ಸಂಜೆ ಕೆಲವು ಗಂಟೆ ಮಾತ್ರ ತೆರೆದಿರುತ್ತಿದ್ದ ಪಾಲಿಕೆಯ ಪಾರ್ಕುಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡುವ ನಿರ್ಧಾರ 2024ರ ಜೂನ್‌ನಲ್ಲಿ ಹೊರಬಿತ್ತು. ಪಾಳಿಯಲ್ಲಿ ದುಡಿಯುವವರಿಗೆ, ಮಕ್ಕಳನ್ನು ಶಾಲೆಗೆ ಕಳಿಸಿ ಬಿಡುವಾಗುವ ತಾಯಂದಿರಿಗೆ, ಮಧ್ಯಾಹ್ನ ನೆರಳು ಹುಡುಕುವ ಮನೆಗೆಲಸದವರಿಗೆ ಇದರಿಂದ ಆದ ಅನುಕೂಲ ಸಣ್ಣದಲ್ಲ.

ಪಾರ್ಕಿನ ಒಳಗಿನ ಹಾದಿ ಸುಧಾರಿಸಿದಷ್ಟು ಪಾರ್ಕಿಗೆ ಹೋಗುವ ಹಾದಿ ಸುಧಾರಿಸಿಲ್ಲ. ಫುಟ್‌ಪಾತಿನಲ್ಲಿ ತಡೆಯಿಲ್ಲದ ಅಗಲ ಕನಿಷ್ಠ 1.8 ಮೀಟರ್ ಇರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಹೇಳುತ್ತದೆ. ಚರಂಡಿ ಮುಚ್ಚಿದ ಚಪ್ಪಡಿ, ಟ್ರಾನ್ಸ್‌ಫಾರ್ಮರು, ಗೇಟಿನ ಮುಂದಿನ ಇಳಿಜಾರು, ನಿಲ್ಲಿಸಿದ ಬೈಕು ಇವುಗಳ ನಡುವೆ ಅಷ್ಟು ಅಗಲ ಸಿಗುವುದು ಕಷ್ಟ. ಹೀಗಾಗಿ ಒಂದು ಕಿಲೋಮೀಟರ್ ದೂರದ ಪಾರ್ಕಿಗೆ ಸ್ಕೂಟರಿನಲ್ಲಿ ಹೋಗಿ ನಾಲ್ಕು ಕಿಲೋಮೀಟರ್ ನಡೆದು ಬರುವ ಹಿರಿಯರಿದ್ದಾರೆ. ಸೋಮಾರಿತನ ಅದಕ್ಕೆ ಕಾರಣವಲ್ಲ. ಬಿದ್ದರೆ ಸೊಂಟ ಮುರಿದೀತೆಂಬ ನ್ಯಾಯವಾದ ಭಯ.

ಸಂಚಾರ ಯೋಜನೆಗಳೂ ವಾಯುವಿಹಾರದ ಜಾಗವೂ ಹಲವು ಸಲ ಮುಖಾಮುಖಿಯಾಗಿವೆ. 2009ರಲ್ಲಿ ನಮ್ಮ ಮೆಟ್ರೊ ಕಾಮಗಾರಿಗೆ ಲಾಲ್‌ಬಾಗಿನ ಅಂಚಿನ ಜಾಗ ಹೋಯಿತು, ಲಕ್ಷ್ಮಣರಾವ್ ಉದ್ಯಾನದ ಮರಗಳು ಉರುಳಿದವು, ಪ್ರತಿಭಟನೆ ನಡೆಯಿತು. ಅದೇ ಮೆಟ್ರೊದ ಹಸಿರು ಮಾರ್ಗ 2017ರ ಜೂನ್‌ನಲ್ಲಿ ಯಲಚೇನಹಳ್ಳಿಯವರೆಗೆ ತೆರೆದ ಮೇಲೆ ಬನಶಂಕರಿ, ಜೆ.ಪಿ. ನಗರದವರು ರೈಲಿನಲ್ಲಿ ಬಂದು ಲಾಲ್‌ಬಾಗ್ ನಿಲ್ದಾಣದಲ್ಲಿ ಇಳಿದು ಒಳಹೋಗುವುದು ಸಾಧ್ಯವಾಯಿತು. ಕಳೆದುಕೊಂಡದ್ದೂ ಪಡೆದದ್ದೂ ಎರಡೂ ನಿಜ. 2025ರಲ್ಲಿ ಹೆಬ್ಬಾಳ–ಸಿಲ್ಕ್ ಬೋರ್ಡ್ ಸುರಂಗ ರಸ್ತೆಗೆ ಲಾಲ್‌ಬಾಗಿನ ಅಂಚಿನ ಭೂಮಿಯನ್ನು ಬಳಸುವ ಪ್ರಸ್ತಾವ ಬಂದಾಗ ವಿರೋಧ ಮತ್ತೆ ಎದ್ದಿತು. ಪ್ಲಕಾರ್ಡು ಹಿಡಿದು ನಿಂತವರಲ್ಲಿ ಆ ಹಾದಿಯಲ್ಲಿ ನಿತ್ಯ ನಡೆಯುವವರೂ ಇದ್ದರು.